ಹಳೆ ಸ್ಪೋರ್ಟ್ಸ್ ಕಾರು ಮುಗ್ಗರಿಸುತ್ತಿದ್ದರೆ ಮೊದಲು ಇದನ್ನು ನೋಡಿ

ಬ್ರಿಟನ್ನಿನ ಹಳೆ ಸ್ಪೋರ್ಟ್ಸ್ ಕಾರು ಎಂಜಿಬಿ, ಅದರ ಥರದ ಕಾರು ಇಟ್ಟುಕೊಂಡವರಿಗೆ ಒಂದು ಮಾತು. ಆಕ್ಸಿಲರೇಟರ್ ಒತ್ತಿದ ತಕ್ಷಣ ಇಂಜಿನ್ ಒಂದು ಕ್ಷಣ ಮುಗ್ಗರಿಸಿ ಆಮೇಲೆ ಎಳೆಯುತ್ತಿದ್ದರೆ ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬುರೇಟರನ್ನು ಸುಮ್ನೆ ಪೂರ್ತಿ ಬಿಚ್ಚಬೇಡಿ. ಎಸ್‌ಯು ಕಂಪನಿಯ ಕಾರ್ಬುರೇಟರ್ ಆಗಿದ್ದರೆ ಮೇಲಿನ ಮುಚ್ಚಳ ತಿರುಗಿಸಿ ತೆಗೆಯಿರಿ, ಅದರ ಜೊತೆಗೇ ಡ್ಯಾಂಪರ್ ಕಡ್ಡಿ (ಒಳಗಿನ ಪಿಸ್ಟನ್ನಿನ ವೇಗ ತಡೆಯುವ ಕಡ್ಡಿ) ಬರುತ್ತದೆ, ಒಳಗೆ ಎಣ್ಣೆ ಇದೆಯಾ ನೋಡಿ. ನಾನು ಎರಡು ವಾರ ಇಗ್ನಿಷನ್ ಟೈಮಿಂಗ್ (ಕಿಡಿ ಹೊತ್ತುವ ಸಮಯ) ತಪ್ಪಿದೆ ಅಂತ ತಲೆ ಕೆಡಿಸಿಕೊಂಡಿದ್ದೆ, ಕೊನೆಗೆ ನೋಡಿದರೆ ನನ್ನ ಕಾರಿನ ಎರಡೂ ಕಾರ್ಬುರೇಟರ್ ಎಣ್ಣೆಯಿಲ್ಲದೆ ಒಣಗಿ ಕೂತಿದ್ದವು! ಎಣ್ಣೆ ಇಲ್ಲದಿದ್ದರೆ ಕಾರ್ಬುರೇಟರ್ ಒಳಗಿನ ಪಿಸ್ಟನ್ ದಡಕ್ಕನೆ ಮೇಲೇರುತ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ, ಅಷ್ಟೇ ಕಥೆ. 20 ಗ್ರೇಡಿನ ಇಂಜಿನ್ ಎಣ್ಣೆ ಹಾಕಿ. ಕಡ್ಡಿ ಇಳಿಸುವಾಗ ಮುಚ್ಚಳ ಕೂರುವ ಸ್ವಲ್ಪ ಮೊದಲೇ ಕೈಗೆ ತಡೆ ಸಿಗಬೇಕು.

ಟೈರು ಹೊಸದರಂತೆ ಕಂಡರೂ ನಂಬಬೇಡಿ, ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ. 2319 ಅಂದರೆ 2019ರ 23ನೇ ವಾರ ತಯಾರಾದ ಟೈರು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ.

ಇನ್ನೊಂದು, ಶೆಡ್ಡಿನಲ್ಲೇ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಅಭ್ಯಾಸ ಬಿಡಿ, ಅದರಿಂದ ಸೈಲೆನ್ಸರ್ ಒಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಹೊರಗೆ ತೆಗೆದು ಅರ್ಧ ಗಂಟೆ ಓಡಿಸಿ. ಅದಕ್ಕೇ ತಾನೇ ಇಟ್ಟುಕೊಂಡಿರೋದು, ಅಲ್ವಾ?