‘ಆಗ್ತಾ ಇಲ್ಲ’: ಮೈ ಸರಿಯಿಲ್ಲದಾಗ, ಮನಸ್ಸಿಲ್ಲದಾಗ ಆಡುವ ಮಾತು

“ನಾನು ಬರಲ್ಲ” ಅಂದರೆ ತೀರ್ಮಾನ ನಿಮ್ಮದು. “ನನಗೆ ಬರೋಕಾಗ್ತಿಲ್ಲ” ಅಂದರೆ ಏನೋ ಒಂದು ತೊಡಕಿದೆ. ಅದು ಮೈಯದೋ, ಮನಸ್ಸಿನದೋ, ಮನೆಯದೋ, ಕೇಳಿದವರು ಕೆದಕಬೇಕಾಗಿಲ್ಲ. ಕನ್ನಡದಲ್ಲಿ ಇಲ್ಲ ಅನ್ನುವುದನ್ನು ಮೆತ್ತಗೆ ಮಾಡುವ ಭಾರವನ್ನು ಬಹುಪಾಲು ಹೊರುವುದು ‘ಆಗು’ ಎಂಬ ಈ ಪುಟ್ಟ ಕ್ರಿಯಾಪದ. ಇದನ್ನು ಸರಿಯಾಗಿ ಬಳಸಿದರೆ ಇಲ್ಲದ ಜ್ವರವನ್ನು ತಂದುಕೊಳ್ಳಬೇಕಾಗಿ ಬರುವುದಿಲ್ಲ.

ಮೊದಲು ಕಾಲ ನೋಡಿಕೊಳ್ಳಿ. “ಬರೋಕಾಗಲ್ಲ” ಬಾಗಿಲು ಮುಚ್ಚುತ್ತದೆ. “ಬರೋಕಾಗ್ತಿಲ್ಲ” ಈ ಸಲಕ್ಕೆ ಮಾತ್ರ ಅನ್ನುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಹೇಳುವುದಾದರೆ “ಬರೋಕಾಗಲಿಲ್ಲ”, ಜೊತೆಗೆ “ಬೇಜಾರು ಮಾಡ್ಕೋಬೇಡಿ”. ಹಿರಿಯರಿಗೆ, ಹೊಸಬರಿಗೆ ನಡುವಿನ ರೂಪವೇ ಸರಿ. ಬರವಣಿಗೆಯಲ್ಲಿ ಅದು “ಬರಲಾಗುತ್ತಿಲ್ಲ” ಆಗುತ್ತದೆ. ಉತ್ತರ ಕರ್ನಾಟಕದಲ್ಲಿ ಇದನ್ನೇ “ಬರಾಕ ಆಗವಲ್ದುರಿ” ಅನ್ನುತ್ತಾರೆ. ಆ ‘ಆಗವಲ್ದು’ ಬಿಡಿಸಿದರೆ ‘ಆಗಲೊಲ್ಲದು’. ಒಲ್ಲೆ ಅನ್ನುತ್ತಿರುವುದು ನಾನಲ್ಲ, ಕೆಲಸವೇ ಆಗಲು ಒಲ್ಲದು! ನಯ ಅನ್ನುವುದು ವ್ಯಾಕರಣದಲ್ಲೇ ಕೂತಿರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಒಂದು ಎಚ್ಚರಿಕೆ. ‘ಆಗಲ್ಲ’ದ ಹಿಂದೆ ಕೆಲಸದ ಹೆಸರು ಇರಬೇಕು: ಬರೋಕಾಗಲ್ಲ, ಮಾಡೋಕಾಗಲ್ಲ. ಮನುಷ್ಯರ ಹೆಸರು ಬಂದರೆ ಅರ್ಥ ಕೆಡುತ್ತದೆ. “ಅವರಿಗೂ ನನಗೂ ಆಗಲ್ಲ” ಅಂದರೆ ಜಗಳ. ತಿನ್ನುವ ವಸ್ತು ಬಂದರೆ ಮಾತ್ರ ಅದು ಸಜ್ಜನಿಕೆಯ ಮಾತಾಗಿ ಉಳಿಯುತ್ತದೆ: “ನನಗೆ ಬದನೆಕಾಯಿ ಆಗಲ್ಲ”. ಇಷ್ಟವಿಲ್ಲವೋ, ತಿಂದರೆ ಮೈ ಕಡಿಯುತ್ತದೋ, ಎರಡಕ್ಕೂ ಇದೇ ಸಾಕು. ‘ಮೈಗೆ ಆಗಲ್ಲ’, ‘ಮೈಗೆ ಒಗ್ಗಲ್ಲ’ ಅಂದರೆ ಇನ್ನೂ ಸ್ಪಷ್ಟ. ಆದರೆ ನಿಜವಾದ ಅಲರ್ಜಿ ಇದ್ದವರು ಇಷ್ಟಕ್ಕೇ ನಿಲ್ಲಿಸಬಾರದು. “ಕಡಲೆಬೀಜ ಒಂದು ಚೂರೂ ಬೀಳಬಾರದು, ತಿಂದರೆ ಉಸಿರು ಕಟ್ಟುತ್ತೆ” ಎಂದು ಬಿಡಿಸಿ ಹೇಳಬೇಕು. ‘ಆಗಲ್ಲ’ ಕೇಳಿದವರು ಅದನ್ನು ರುಚಿಯ ವಿಷಯ ಅಂದುಕೊಂಡು, ಸ್ವಲ್ಪವೇ ಹಾಕಿದ್ದೇವೆ ಎಂದು ಬಡಿಸುವುದು ಸಾಮಾನ್ಯ.

ಮೈ ಸರಿಯಿಲ್ಲ ಅನ್ನುವುದಕ್ಕೆ

ಬೆಂಗಳೂರು, ಮೈಸೂರು ಕಡೆ “ಮೈ ಹುಷಾರಿಲ್ಲ”, ಧಾರವಾಡ, ಕಲಬುರಗಿ ಕಡೆ “ಆರಾಮ ಇಲ್ರಿ”, ಕರಾವಳಿಯಲ್ಲಿ “ಸೌಖ್ಯ ಇಲ್ಲ”. ‘ಹುಷಾರು’, ‘ಆರಾಮ’ ಎರಡೂ ಪಾರಸಿ ಮೂಲದವು. ಹುಷಾರು ಅಂದರೆ ಮೂಲದಲ್ಲಿ ಎಚ್ಚರವಾಗಿರುವುದು, ಆ ಅರ್ಥವೂ ನಮ್ಮಲ್ಲಿ ಉಳಿದಿದೆ. ಹಾಗಾಗಿ ವಿಭಕ್ತಿ ತಪ್ಪಿದರೆ ಮಾತು ಬೇರೆಯಾಗುತ್ತದೆ. “ಹುಡುಗನಿಗೆ ಹುಷಾರಿಲ್ಲ” ಅಂದರೆ ಕಾಯಿಲೆ. “ಹುಡುಗ ಹುಷಾರಿಲ್ಲ” ಅಂದರೆ ದಡ್ಡ. ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ಓದದೆ ಬೆಳೆದವರು ಮೆಸೇಜ್ ಬರೆಯುವಾಗ ಆ ‘ಇಗೆ’ಯನ್ನು ಬಿಡುವುದುಂಟು.

ಕಾಯಿಲೆಯ ಹೆಸರು ಹೇಳಬೇಕೋ ಬೇಡವೋ? ಜ್ವರ, ನೆಗಡಿ, ತಲೆನೋವು ಹೇಳಬಹುದು. ಭೇದಿ, ಮೂಲವ್ಯಾಧಿಯಂಥವಕ್ಕೆ “ಹೊಟ್ಟೆ ಸರಿ ಇಲ್ಲ”, “ಮೈ ಸ್ವಲ್ಪ ಸರಿ ಇಲ್ಲ” ಸಾಕು. ಮಕ್ಕಳಿಗೆ ಸೀತಾಳೆ ಸಿಡುಬು ಬಂದರೆ ಎಷ್ಟೋ ಮನೆಗಳಲ್ಲಿ ರೋಗದ ಹೆಸರೆತ್ತದೆ “ಅಮ್ಮ ಆಗಿದೆ” ಅನ್ನುತ್ತಾರೆ. ಆ ಗೌರವ ಇರಲಿ, ಆದರೆ ಅದು ಅಂಟುವ ಕಾಯಿಲೆ. ಶಾಲೆಗೆ ತಿಳಿಸುವಾಗ ಹೆಸರು ಹೇಳಿಯೇ ತಿಳಿಸಬೇಕು. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಮಗುವನ್ನು ಕಳಿಸಬಾರದು.

ಹಿರಿಯರ ಬಗ್ಗೆ ಹೇಳುವಾಗ ಪದಗಳನ್ನು ತೂಗಿ ಬಳಸಿ. ಫೋನಿನಲ್ಲಿ “ಅಜ್ಜ ಇಲ್ಲ” ಎಂದು ನಿಲ್ಲಿಸಿದರೆ ಆ ಕಡೆಯವರ ಎದೆ ಧಸಕ್ಕೆನ್ನುತ್ತದೆ. “ಹೊರಗೆ ಹೋಗಿದ್ದಾರೆ” ಅನ್ನಿ. “ಮಲಗಿದ್ದಾರೆ” ಅಂದರೆ ನಿದ್ದೆ. “ಹಾಸಿಗೆ ಹಿಡಿದಿದ್ದಾರೆ” ಅಂದರೆ ಎದ್ದು ಓಡಾಡಲಾಗದ ಸ್ಥಿತಿ, ಅದನ್ನು ಎರಡು ದಿನದ ಜ್ವರಕ್ಕೆ ಬಳಸಬಾರದು.

ಬರೆಯುವಾಗ

ಇಲ್ಲಿ ತಪ್ಪುಗಳು ಹೆಚ್ಚು. ಸರಿಯಾದ ರೂಪ ‘ಅನಾರೋಗ್ಯ’ (ಅನ್ + ಆರೋಗ್ಯ), ‘ಆನಾರೋಗ್ಯ’ ಅಲ್ಲ. ‘ಅಸ್ವಸ್ಥ’ ಗುಣವಾಚಕ, ಹಾಗಾಗಿ ‘ಅಸ್ವಸ್ಥದಿಂದ’ ಎಂದು ಬರೆಯಲಾಗದು, ‘ಅಸ್ವಸ್ಥತೆಯಿಂದ’ ಎನ್ನಬೇಕು. ನನ್ನನ್ನು ಕೇಳಿದರೆ ರಜೆ ಪತ್ರದಲ್ಲಿ ಈ ಪದವೇ ಬೇಡ. ಪತ್ರಿಕೆಗಳಲ್ಲಿ ‘ಅಸ್ವಸ್ಥಗೊಂಡು ಆಸ್ಪತ್ರೆಗೆ ದಾಖಲು’ ಎಂದು ಓದಿ ಓದಿ, ಅದಕ್ಕೆ ಹಠಾತ್ತನೆ ಕುಸಿದುಬಿದ್ದ ಅರ್ಥ ಅಂಟಿದೆ; ಇನ್ನು ‘ಮಾನಸಿಕ ಅಸ್ವಸ್ಥ’ ಅನ್ನುವ ಬಳಕೆ ಬೇರೆ. ‘ಅಸೌಖ್ಯ’ ಚೆಂದದ ಪದ, ಆದರೆ ‘ಅಲ್ಪಕಾಲದ ಅಸೌಖ್ಯದಿಂದ’ ಎಂದು ಮಾತ್ರ ಬರೆಯಬೇಡಿ. ಅದು ನಿಧನವಾರ್ತೆಯ ವಾಕ್ಯ.

ಸರ್ಕಾರಿ ಕಚೇರಿ, ಶಾಲೆ, ಬ್ಯಾಂಕಿನ ಪತ್ರಕ್ಕೆ ಇಷ್ಟು ಸಾಕು:

ವಿಷಯ: ಒಂದು ದಿನದ ಸಾಂದರ್ಭಿಕ ರಜೆ ಮಂಜೂರು ಮಾಡುವ ಬಗ್ಗೆ.
ಮಾನ್ಯರೇ,
ಅನಾರೋಗ್ಯದ ನಿಮಿತ್ತ ದಿನಾಂಕ … ರಂದು ಕಚೇರಿಗೆ ಹಾಜರಾಗಲು ಸಾಧ್ಯವಾಗುತ್ತಿಲ್ಲ. ಸದರಿ ದಿನಕ್ಕೆ ಸಾಂದರ್ಭಿಕ ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ.

ಸಾಂದರ್ಭಿಕ ರಜೆಗೆ ಕಾಯಿಲೆಯ ವಿವರ ಬೇಕಿಲ್ಲ. ಹೆಚ್ಚು ದಿನಗಳ ಕಾಯಿಲೆಗೆ ಪರಿವರ್ತಿತ ರಜೆ (ಅರ್ಧ ವೇತನದ ರಜೆಯನ್ನು ಪೂರ್ಣ ವೇತನಕ್ಕೆ ಬದಲಿಸಿಕೊಂಡದ್ದು) ಕೇಳುವುದಾದರೆ ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸಿ, ಮರಳುವ ದಿನ ಕೆಲಸಕ್ಕೆ ಯೋಗ್ಯ ಎಂಬ ವೈದ್ಯರ ಪತ್ರ ತನ್ನಿ. ಪತ್ರದಲ್ಲಿ ‘ಅನಾರೋಗ್ಯ’ ಎಂದಿದ್ದು, ಸಹೋದ್ಯೋಗಿಗೆ ಬಾಯಲ್ಲಿ ‘ಊರಲ್ಲಿ ಕೆಲಸ’ ಅಂದಿದ್ದರೆ ಎರಡೂ ಸಂಜೆಯೊಳಗೆ ಒಂದೇ ಮೇಜಿಗೆ ಬರುತ್ತವೆ. ಮನೆಯ ಕೆಲಸವಿದ್ದರೆ ‘ಸ್ವಂತ ಕೆಲಸದ ನಿಮಿತ್ತ’ ಎಂದೇ ಬರೆಯಿರಿ, ಅದೂ ಗೌರವದ ಕಾರಣವೇ.

ವಾಟ್ಸ್ಆ್ಯಪ್‌ನಲ್ಲಿ ಹೇಳುವಾಗ ನಾಲ್ಕು ಸಂಗತಿ ಬಿಡಬಾರದು. ಏನು, ಯಾವಾಗಿನಿಂದ, ಎಷ್ಟು ದಿನ, ಕೆಲಸ ಯಾರ ಕೈಯಲ್ಲಿದೆ. “ಮೇಡಂ, ನಿನ್ನೆ ರಾತ್ರಿಯಿಂದ ಜ್ವರ. ಇವತ್ತು ಬರೋಕಾಗ್ತಿಲ್ಲ, ಒಂದು ದಿನ ರಜೆ ಬೇಕಿತ್ತು. ಬಿಲ್ಲಿನ ಫೈಲು ನನ್ನ ಟೇಬಲ್ ಮೇಲೆ ಎಡಗಡೆ ಇದೆ.” ‘ಬೇಕು’ ಅನ್ನದೆ ‘ಬೇಕಿತ್ತು’ ಅಂದದ್ದನ್ನು ಗಮನಿಸಿ. ಭೂತಕಾಲಕ್ಕೆ ಜಾರಿಸಿದ ಕೂಡಲೇ ಹಕ್ಕೊತ್ತಾಯ ಕೋರಿಕೆಯಾಗುತ್ತದೆ.

ಮುಟ್ಟಿಗೆ ಮನೆಮಾತುಗಳು ಬಹಳ: ಹೊರಗಾಗಿದ್ದಾಳೆ, ಕಾಗೆ ಮುಟ್ಟಿದೆ, ರಜೆ. ಹೊಸ ಸೊಸೆಯೋ ಅಳಿಯನೋ “ಅತ್ತೆ ಹೊರಗೆ ಹೋಗಿದ್ದಾರೆ” ಅನ್ನಲು ಹೋಗಿ “ಹೊರಗಾಗಿದ್ದಾರೆ” ಅಂದರೆ ಮುಜುಗರ. ಕಚೇರಿಯಲ್ಲಿ “ಮೈ ಹುಷಾರಿಲ್ಲ” ಅಂದರೆ ಸಾಕು, ವಿವರಿಸಬೇಕಾಗಿಲ್ಲ. ಬೇಕೆಂದರೆ ನೇರವಾಗಿ ‘ಋತುಚಕ್ರ ರಜೆ’ ಎಂದೂ ಬರೆಯಬಹುದು. ತಿಂಗಳಿಗೆ 1 ದಿನದಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ರಜೆಯ ನೀತಿಗೆ ಕರ್ನಾಟಕ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಆ ಪದ ಕಚೇರಿಯ ಪದವೂ ಆಗಿದೆ.

ಮನಸ್ಸಿಲ್ಲ ಅನ್ನುವುದಕ್ಕೆ

ಕಾರ್ಯಕ್ರಮ ನಿರೂಪಿಸುವವರಿಗೆ ಒಂದು ಅಮೂಲ್ಯ ಪದವಿದೆ: ಕಾರಣಾಂತರ. ಕಾರಣ + ಅಂತರ, ಅಂದರೆ ಬೇರೊಂದು ಕಾರಣ. “ಅಧ್ಯಕ್ಷರಿಗೆ ಕಾರಣಾಂತರಗಳಿಂದ ಬರಲಾಗಿಲ್ಲ” ಎಂದರೆ ಅವರಿಗೆ ಮೈ ಸರಿಯಿಲ್ಲವೋ, ಕಾರು ಕೆಟ್ಟಿತೋ, ಬರಲು ಇಷ್ಟವಿರಲಿಲ್ಲವೋ, ಯಾವುದೂ ಸುಳ್ಳಾಗುವುದಿಲ್ಲ. ‘ಅನಿವಾರ್ಯ ಕಾರಣಗಳಿಂದ’ ಅನ್ನುವುದು ಕಾರ್ಯಕ್ರಮವನ್ನೇ ಮುಂದೂಡಿದಾಗ ಹೊಂದುತ್ತದೆ, ವ್ಯಕ್ತಿಗೆ ಹಾಕಿದರೆ ಭಾರವಾಗುತ್ತದೆ. ‘ಅನಾರೋಗ್ಯ’ ಅನ್ನುವುದನ್ನು ಅವರ ಒಪ್ಪಿಗೆಯಿಲ್ಲದೆ ಮೈಕಿನಲ್ಲಿ ಹೇಳಬೇಡಿ. ಸಭೆ ಮುಗಿಯುವಷ್ಟರಲ್ಲಿ ಅವರ ಮನೆಗೆ ಹತ್ತು ಫೋನು ಹೋಗಿರುತ್ತದೆ.

ಊಟದ ಎಲೆಯ ಮುಂದೆ ‘ಬೇಡ’ಕ್ಕಿಂತ ‘ಸಾಕು’ ಮೇಲು. ಬೇಡ ಅಂದರೆ ಪದಾರ್ಥವನ್ನು ತಳ್ಳಿದ ಹಾಗೆ, ಸಾಕು ಅಂದರೆ ತೃಪ್ತಿ. ಬಡಿಸುವವರು ಹತ್ತಿರ ಬಂದಾಗಲೇ ಎರಡೂ ಕೈಯನ್ನು ಎಲೆಯ ಮೇಲೆ ಅಡ್ಡ ಹಿಡಿಯಿರಿ, ಸೌಟು ಬಗ್ಗಿದ ಮೇಲೆ ಹಿಡಿದರೆ ಸಾರು ಕೈಮೇಲೆ. ಉತ್ತರ ಕರ್ನಾಟಕದಲ್ಲಿ “ಒಲ್ಲೆರಿ, ಸಾಕಾತು” ದಿನಬಳಕೆಯ ಮಾತು. ಅದೇ ‘ಒಲ್ಲೆ’ಯನ್ನು ಮೈಸೂರಿನ ಮನೆಯಲ್ಲಿ ಅಂದರೆ ಮುನಿಸಿನ ಹಾಗೆ ಕೇಳಿಸುತ್ತದೆ. ಕಾಫಿಗೆ ಪೂರಾ ಇಲ್ಲ ಅನ್ನುವುದಕ್ಕಿಂತ “ಅರ್ಧ ಲೋಟ ಸಾಕು” ಅಂದರೆ ಅವರ ಮನಸ್ಸೂ ಉಳಿಯುತ್ತದೆ. “ಇವತ್ತು ಒಪ್ಪತ್ತು” ಎಂದು ನೆಪ ಹೇಳುವವರಿದ್ದಾರೆ. ಅದು ಕೆಲಸಕ್ಕೆ ಬಾರದು; ಹಾಗಂದ ತಕ್ಷಣ ಮನೆಯವರು ಫಲಾಹಾರಕ್ಕೆಂದು ಅವಲಕ್ಕಿ ನೆನೆಸಲು ಏಳುತ್ತಾರೆ.

‘ನೋಡೋಣ’ ಎಲ್ಲಕ್ಕಿಂತ ಹೆಚ್ಚು ಅಪಾಯದ ಪದ. ಹೇಳಿದವರಿಗೆ ಅದು ಇಲ್ಲ, ಕೇಳಿದವರಿಗೆ ಬಹುಶಃ ಹೌದು. ಎಲೆ ಲೆಕ್ಕ ಹಾಕಿ ಅಡುಗೆಯವರಿಗೆ ಹೇಳಬೇಕಾದ ಮದುವೆ, ಗೃಹಪ್ರವೇಶಕ್ಕೆ ಇದನ್ನು ಬಳಸಲೇಬಾರದು. ಒಂದು ವಾರ ಮೊದಲೇ “ಆ ದಿನ ಬರೋಕಾಗ್ತಿಲ್ಲ, ಆಮೇಲೆ ಮನೆಗೆ ಬಂದು ಹೋಗ್ತೀವಿ” ಅನ್ನಿ. ಸಾಲ ಕೇಳಿದವರಿಗೂ ಅಷ್ಟೇ. “ಈ ತಿಂಗಳು ಕೈ ಬಿಗಿ ಇದೆ” ಅಂದರೆ ಅವರು ಮುಂದಿನ ತಿಂಗಳು ಬಂದೇ ಬರುತ್ತಾರೆ. ಕೊಡುವ ಮನಸ್ಸೇ ಇಲ್ಲದಿದ್ದರೆ ತಿಂಗಳ ಮಾತೆತ್ತದೆ “ನನ್ನ ಕೈಲಿ ಆಗಲ್ಲ, ಬೇರೆ ಕಡೆ ನೋಡ್ಕೊಳ್ಳಿ” ಅನ್ನಬೇಕು. ಇಲ್ಲಿ ಬಾಗಿಲು ಮುಚ್ಚುವ ರೂಪವೇ ದಯೆ.

ಸಂಬಂಧ ಬೇಡವೆನ್ನುವುದು ಅತ್ಯಂತ ನಾಜೂಕಿನ ಕೆಲಸ. “ಜಾತಕ ಕೂಡಿ ಬರಲಿಲ್ಲ” ಅನ್ನುವುದು ಯಾರನ್ನೂ ನೋಯಿಸದ ಹಳೆಯ ದಾರಿ. ಆದರೆ ಅದು ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲು ಮಾತ್ರ ನಡೆಯುತ್ತದೆ. ಜಾತಕ ಹೊಂದಿದ ಮೇಲೆಯೇ ಮನೆಗೆ ಹೋಗಿ, ಉಪ್ಪಿಟ್ಟು ಕೇಸರಿಬಾತು ತಿಂದು ಬಂದು ಆಮೇಲೆ ಜಾತಕದ ಮಾತೆತ್ತಿದರೆ, ಬೇಡವಾದದ್ದು ತಮ್ಮ ಮಗಳೇ ಎಂದು ಆ ತಾಯಿತಂದೆಗೆ ಗೊತ್ತಾಗುತ್ತದೆ. ಆಗ “ಋಣಾನುಬಂಧ ಕೂಡಿ ಬರಲಿಲ್ಲ” ಎಂಬ ಮಾತೇ ಸರಿ. ಅದಕ್ಕೆ ಕಾರಣ ಕೇಳುವ ರೂಢಿಯಿಲ್ಲ. ಬಣ್ಣ, ಎತ್ತರ, ಸಂಬಳದ ಮಾತು ಬೇಡವೇ ಬೇಡ. ನಡುವೆ ಮಾತಾಡಿಸಿದವರ ಮೂಲಕವೇ, ವಾರದೊಳಗೆ ತಿಳಿಸಿ, ಜಾತಕ, ಫೋಟೊ ಹಿಂದಿರುಗಿಸಿ. ಫೋನಿನಲ್ಲಿ ಬಂದ ಫೋಟೊಗಳಾದರೆ ಅಳಿಸಿ, ಅಳಿಸಿದ್ದನ್ನು ಹೇಳಿ. ಅವರು ಇನ್ನೊಂದು ಕಡೆ ಮಾತು ಶುರುಮಾಡಲು ನಿಮ್ಮ ಉತ್ತರಕ್ಕೇ ಕಾದಿರುತ್ತಾರೆ.