ಚೋಮನ ಲೆಕ್ಕ ಬರೆಸಿದ ಮೇಲೆ ಪಾಠ ಹತ್ತಿತು

ಕಾದಂಬರಿ ಪಾಠಕ್ಕೆ ಲೆಕ್ಕದ ಹಾಳೆ ಹಂಚಿದಾಗ ಸ್ಟಾಫ್ ರೂಮಿನಲ್ಲಿ ‘ಇದೇನು ಕನ್ನಡ ಕ್ಲಾಸಾ, ಕಾಮರ್ಸ್ ಕ್ಲಾಸಾ?’ ಅಂದರು. ಈಗ ಅವರಲ್ಲೇ ಇಬ್ಬರು ಅದೇ ಹಾಳೆ ಜೆರಾಕ್ಸ್ ಮಾಡಿಸಿಕೊಂಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿ ಕಲಿಸಿದವರಿಗೆಲ್ಲ ಈ ಕಷ್ಟ ಗೊತ್ತು. ಸಾಮಾಜಿಕ ನ್ಯಾಯದ ದೃಷ್ಟಿಯಿಂದ ವಿಶ್ಲೇಷಿಸಿ ಅಂದರೆ ಜಾತಿ, ಬಡತನ, ಶೋಷಣೆ ಅಂತ ಮೂರು ಪ್ಯಾರಾ ಬರುತ್ತೆ. ಹೆಸರು ಬದಲಾಯಿಸಿದರೆ ಯಾವ ಕಾದಂಬರಿಗೂ ಆಗುತ್ತೆ. ಹೊರಗಿನಿಂದ ಉಪನ್ಯಾಸಕ್ಕೆ ಕರೆಸಿದೆವು. ಕಾರು, ಊಟ, ಶಾಲು ಸೇರಿ ನಾಲ್ಕು ಸಾವಿರದ ಹತ್ತಿರ ಹೋಯಿತು. ಇದೇ ಕಾದಂಬರಿಯ 1975ರ ಸಿನಿಮಾ ತೋರಿಸಲು ಪ್ರೊಜೆಕ್ಟರ್ ಬಾಡಿಗೆಗೆ ತಂದೆ. ಮಕ್ಕಳು ಅತ್ತರು. ಉತ್ತರ ಮಾತ್ರ ಅದೇ ಮೂರು ಪ್ಯಾರಾ.

ಆಮೇಲೆ ಹಾಳೆಯ ನಡುವೆ ಗೆರೆ ಹೊಡೆಸಿದೆ. ಎಡಕ್ಕೆ ‘ದುಡಿದಿದ್ದು’, ಬಲಕ್ಕೆ ‘ಸಿಕ್ಕಿದ್ದು’. ಪುಟದ ಸಂಖ್ಯೆ ಬೇಕೇ ಬೇಕು, ಅಭಿಪ್ರಾಯ ಬೇಡ. ಎತ್ತು ಸಾಕಿದವನು ಚೋಮ, ಉಳೋಕೆ ನೆಲವಿಲ್ಲ. ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ದೊಡ್ಡ ಮಕ್ಕಳಿಬ್ಬರಲ್ಲಿ ಒಬ್ಬ ಮನೆಗೆ ವಾಪಸ್ ಬರಲಿಲ್ಲ, ಇನ್ನೊಬ್ಬ ಕಾಯಿಲೆ ಬಿದ್ದು ಸತ್ತ. ಸಾಲ ಹಾಗೇ ಇದೆ. ಆಗ ಒಬ್ಬ ಹುಡುಗಿ ಎದ್ದು ನಿಂತಳು. ‘ಮೇಡಂ, ಗಂಡುಮಕ್ಕಳು ದುಡಿದರೂ ತೀರದ ಸಾಲ ಮಗಳು ಬೆಳ್ಳಿ ತೋಟಕ್ಕೆ ಹೋದಾಗ ಹೇಗೆ ತೀರಿತು? ಎಡಗಡೆ ಏನಂತ ಬರೀಲಿ?’

ಆ ಪ್ರಶ್ನೆಯ ಮೇಲೆ ಎರಡು ಪೀರಿಯಡ್ ನಡೆಯಿತು. ತೋಟದ ದರ್ಬಾರು, ಹೆಣ್ಣಿನ ಮೈ, ಸಾಲ, ಎಲ್ಲ ಅವರೇ ಎತ್ತಿದರು. ಇಷ್ಟು ವರ್ಷದಲ್ಲಿ ಇಂಥ ಕ್ಲಾಸು ನನಗೆ ಸಿಕ್ಕಿರಲಿಲ್ಲ.

ಎಲ್ಲವೂ ಈ ಹಾಳೆಗೆ ಇಳಿಯುವುದಿಲ್ಲ. ಚೋಮನ ಮಗ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿದ್ದವರು ಮೈಲಿಗೆ ಅಂತ ಕೈ ಕೊಡುವುದಿಲ್ಲ. ಅದನ್ನ ಯಾವ ಕಡೆ ಬರೆಯೋದು? ಅದಕ್ಕೆ ಬೋರ್ಡ್ ಮೇಲೆ ಮನೆ, ಜಗಲಿ, ಅಂಗಳ, ಹೊಳೆ ಬರೆದು, ಯಾರು ಎಲ್ಲಿವರೆಗೆ ಹೋಗಬಹುದು ಅಂತ ಗುರುತು ಹಾಕಿಸಿದೆ. ಒಡೆಯ ಸಂಕಪ್ಪಯ್ಯನ ಮುಂದೆ ಚೋಮ ಎಲ್ಲಿ ನಿಂತು ಮಾತಾಡುತ್ತಾನೆ ಅನ್ನೋದು ಆಗ ಕಂಡಿತು.

ಪದ್ಯಕ್ಕೆ ಈ ಲೆಕ್ಕದ ಹಾಳೆ ನಡೆಯಲ್ಲ ಅಂದಿದ್ದರು. ಸಿದ್ಧಲಿಂಗಯ್ಯನವರ ‘ನನ್ನ ಜನಗಳು’ ಕೊಟ್ಟು ನೋಡಿದೆ. ಬಟ್ಟೆ ನೇಯುವವರು ಎಡಕ್ಕೆ, ಬರಿಮೈ ಬಲಕ್ಕೆ. ಹೊನ್ನು ತೆಗೆಯುವವರು ಎಡಕ್ಕೆ, ಕಾಣದ ಅನ್ನ ಬಲಕ್ಕೆ. ಕವಿಯೇ ಲೆಕ್ಕ ಬರೆದಿಟ್ಟ ಹಾಗಿತ್ತು! ಬಸವಣ್ಣನವರ ‘ಉಳ್ಳವರು ಶಿವಾಲಯ ಮಾಡುವರು’ ಸೇರಿಸಿದಾಗ ಮಾತ್ರ ಹಾಳೆ ಕೈಕೊಟ್ಟಿತು. ಅಲ್ಲಿ ಬಡವ ಕೂಲಿ ಕೇಳುತ್ತಿಲ್ಲ, ತನ್ನ ಮೈಯನ್ನೇ ದೇಗುಲ ಅನ್ನುತ್ತಾನೆ. ಇದನ್ನ ಒಬ್ಬ ಹುಡುಗನೇ ಹೇಳಿದ, ನನಗೆ ಬಹಳ ಖುಷಿಯಾಯಿತು.

ಜೆರಾಕ್ಸಿಗೆ ಇಡೀ ಸೆಮಿಸ್ಟರ್ ಏಳೆಂಟು ನೂರು ಖರ್ಚು, ಅಷ್ಟೇ. ಅರವತ್ತು ಮಂದಿಯಲ್ಲಿ ನಲವತ್ತರ ಹತ್ತಿರ ಜನ ಪುಟ ತೋರಿಸಿ ಸ್ವಂತ ಉತ್ತರ ಬರೆದರು. ಮೊದಲ ದಿನ ಯಾವ ಪುಟದಿಂದ ಶುರು ಮಾಡಿಸುತ್ತೇನೆ ಅನ್ನೋದನ್ನ ಮಾತ್ರ ಸದ್ಯಕ್ಕೆ ಇಲ್ಲಿ ಹೇಳುವುದಿಲ್ಲ.

ಈಗ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿ ಹಿಡಿದಿದ್ದೇವೆ. ಪಾತ್ರಗಳು ಜಾಸ್ತಿ, ಇಡೀ ಪುಸ್ತಕಕ್ಕೆ ಒಂದೇ ಹಾಳೆ ಸಾಲಲ್ಲ. ಅದಕ್ಕೆ ಗುತ್ತಿಯ ಪಾತ್ರಕ್ಕೆ ಒಂದು, ತಿಮ್ಮಿಯ ಪಾತ್ರಕ್ಕೆ ಒಂದು ಅಂತ ಬೇರೆಬೇರೆ ಗುಂಪಿಗೆ ಕೊಟ್ಟಿದ್ದೇನೆ. ತಿಮ್ಮಿಯ ಗುಂಪು ಮುಂದಿದೆ.