ಬ್ಯಾಂಕಿನ ಆನ್ಯುಯಲ್ ರಿಪೋರ್ಟಲ್ಲಿ ಹೊರದೇಶದ ಸಾಲದ ರಿಸ್ಕ್ ನೋಡೋದು ಹೇಗೆ

ನಮ್ಮ ಶಿರಸಿ ಮಾವ ಅಡಿಕೆ ದುಡ್ಡಲ್ಲಿ ಒಂದು ಬ್ಯಾಂಕಿನ ಶೇರ್ ತಗೊಂಡಿದಾರೆ, ಮೊನ್ನೆ ರಿಪೋರ್ಟಿನ ಪಿಡಿಎಫ್ ಕಳಿಸಿ "ಹೊರದೇಶಕ್ಕೆ ಕೊಟ್ಟ ಸಾಲ ಮುಳುಗಿದ್ರೆ ಅಂತ ಎಷ್ಟು ತೆಗೆದಿಟ್ಟಿದಾರೆ ನೋಡೋ" ಅಂದ್ರು. ಕಷ್ಟದ ಕೆಲ್ಸ ಅಲ್ಲ, ಎಲ್ಲಿ ನೋಡ್ಬೇಕು ಅಂತ ಗೊತ್ತಿದ್ರೆ ಸಾಕು.

ಮೊದ್ಲು ಇದು ತಲೇಲಿ ಕೂರ್ಲಿ, ಕಂಟ್ರಿ ರಿಸ್ಕ್ ಅಂದ್ರೆ ಸಾಲ ತಗೊಂಡವ್ನು ಮೋಸಗಾರ ಅಂತಲ್ಲ. 2024ರ ಆಗಸ್ಟಲ್ಲಿ ನಮ್ಮ ಕಾರವಾರದ ಕಾಳಿ ನದಿ ಹಳೇ ಸೇತುವೆ ಬಿತ್ತಲ್ಲ, ಆಚೆ ದಡದ ಸದಾಶಿವಗಡದವ್ರು ನಿಮ್ಗೆ ಕೊಡೋ ನೋಟು ಕೈಯಲ್ಲೇ ಹಿಡ್ಕೊಂಡಿದ್ರೂ ದಾಟೋಕೆ ದಾರಿ ಬೇಕಲ್ವಾ, ಹಾಗೇ ಕಂಪನಿ ಹತ್ರ ದುಡ್ಡಿದ್ರೂ ಆ ದೇಶದಲ್ಲಿ ಡಾಲರ್ ಖಾಲಿ ಅಂದ್ರೆ ಸಾಲ ವಾಪಸ್ ಬರಲ್ಲ. 1982ರಲ್ಲಿ ಮೆಕ್ಸಿಕೋ ಕಟ್ಟೋಕಾಗಲ್ಲ ಅಂದಾಗ ಅಮೆರಿಕದ ದೊಡ್ಡ ಬ್ಯಾಂಕುಗಳೇ ನಡುಗಿದ್ವು, 1983ರಲ್ಲಿ ಅಲ್ಲಿ ಇದಕ್ಕೆ ಕಾನೂನು ಬಂತು. ನಮ್ಮ ಆರ್‌ಬಿಐ ನಿಯಮ ಮೊದ್ಲು ಬಂದಿದ್ದು 2003ರಲ್ಲಿ.

ಸಿಆರ್‌ಆರ್ (ನಗದು ಮೀಸಲು) ಜೊತೆ ಈ ತೆಗೆದಿಡೋ ದುಡ್ಡನ್ನ ಕಲಸ್ಬೇಡಿ. ಅದು ಡೆಪಾಸಿಟ್ ಲೆಕ್ಕದಲ್ಲಿ ಆರ್‌ಬಿಐ ಹತ್ರ ಇಡೋ ದುಡ್ಡು, ಇದು ಸಾಲ ಮುಳುಗ್ಬಹುದು ಅಂತ ಮೊದ್ಲೇ ಲಾಭದಿಂದ ಕಳೆದಿಡೋದು, ಇದಕ್ಕೆ ಪ್ರೊವಿಷನ್ ಅಂತಾರೆ.

ಈಗ ಪಿಡಿಎಫಲ್ಲಿ ಶೆಡ್ಯೂಲ್ 18ಕ್ಕೆ (ಲೆಕ್ಕದ ಟಿಪ್ಪಣಿಗಳ ಭಾಗ) ಹೋಗಿ, ಅದ್ರಲ್ಲಿ ಕಂಟ್ರಿ ರಿಸ್ಕ್ ಅಂತ ಒಂದು ಟೇಬಲ್ ಇರತ್ತೆ, ಕಮ್ಮಿ ರಿಸ್ಕಿಂದ ಜಾಸ್ತಿ ರಿಸ್ಕಿನವರೆಗೆ ಏಳು ಲೈನು, ಒಂದೊಂದಕ್ಕೂ ಎಕ್ಸ್‌ಪೋಷರ್ (ಆ ದೇಶಗಳಲ್ಲಿ ಸಿಕ್ಕೊಂಡಿರೋ ಬ್ಯಾಂಕಿನ ದುಡ್ಡು) ಎಷ್ಟು ಪ್ರೊವಿಷನ್ ಎಷ್ಟು ಅಂತ ಎರಡು ವರ್ಷದ ಅಂಕಿ. ರಫ್ತು ಸಾಲಕ್ಕೆ ವಿಮೆ ಕೊಡೋ ಸರ್ಕಾರಿ ಕಂಪನಿ ಇಸಿಜಿಸಿ ದೇಶಗಳನ್ನ ವಿಂಗಡಿಸಿದ ಹಾಗೆ ಮೊದಲ ಎರಡಕ್ಕೆ 0.25%, ಮಾಡರೇಟ್‌ಗೆ 5%, ಹೈಗೆ 20%, ವೆರಿ ಹೈಗೆ 25%, ಕೊನೇ ಎರಡಕ್ಕೆ ಪೂರ್ತಿ 100%. 180 ದಿನಕ್ಕಿಂತ ಕಮ್ಮಿ ಅವಧಿಯ ಸಾಲ ಆದ್ರೆ ಇದರ ಕಾಲು ಭಾಗ ಇಟ್ರೂ ನಡೆಯತ್ತೆ. ಅಂದ್ರೆ ಹೈ ದೇಶಕ್ಕೆ 1,200 ಕೋಟಿ ಕೊಟ್ಟಿದಾರೆ, ಅದ್ರಲ್ಲಿ 400 ಕೋಟಿ ಅಲ್ಪಾವಧಿದು ಅಂತಿಟ್ಕೊಳ್ಳಿ, 800ಕ್ಕೆ 160 ಕೋಟಿ, 400ಕ್ಕೆ 20 ಕೋಟಿ, ಒಟ್ಟು 180 ಕೋಟಿ. ಸಾಲ ಎನ್‌ಪಿಎ (ವಸೂಲಾಗದ ಸಾಲ) ಆದ್ರೆ ಅದರ ಪ್ರೊವಿಷನ್ ಬೇರೆ, ಇದರ ಮೇಲೆ.

ತುಂಬಾ ಜನ ತಪ್ಪೋದು ಇಲ್ಲಿ. ಪ್ರೊವಿಷನ್ ಸೊನ್ನೆ ಇದೆ ಅಂದ ತಕ್ಷಣ ರಿಸ್ಕ್ ಇಲ್ಲ ಅನ್ಕೋಬೇಡಿ. ಒಂದು ದೇಶದ ಮೇಲಿನ ನೆಟ್ ಫಂಡೆಡ್ ಎಕ್ಸ್‌ಪೋಷರ್ (ಗ್ಯಾರಂಟಿ, ವಿಮೆ ಥರದ್ದು ಕಳೆದು ಉಳಿದ, ನಿಜವಾಗಿ ಕೊಟ್ಟ ದುಡ್ಡು) ಬ್ಯಾಂಕಿನ ಒಟ್ಟು ಆಸ್ತಿಯ 1% ಮುಟ್ಟಿದ್ರೆ ಮಾತ್ರ ಇಡ್ಲೇಬೇಕು. ಆಸ್ತಿ 1 ಲಕ್ಷ ಕೋಟಿ ಇದ್ದ ಬ್ಯಾಂಕು ಒಂದು ದೇಶಕ್ಕೆ 990 ಕೋಟಿ ಕೊಟ್ಟು ಈ ಲೆಕ್ಕದಲ್ಲಿ ಒಂದು ಪೈಸೆನೂ ಇಡ್ದೆ ಇರ್ಬಹುದು, ಅದೂ ನಿಯಮದ ಪ್ರಕಾರನೇ! ನನಗಂತೂ ಇದು ಸಡಿಲ ಅನ್ಸತ್ತೆ. ಅದಕ್ಕೆ ಪ್ರೊವಿಷನ್ ಕಾಲಂ ಬಿಟ್ಟು ಎಕ್ಸ್‌ಪೋಷರ್ ಕಾಲಂ ನೋಡಿ, ಹೋದ ವರ್ಷದ್ದಕ್ಕೆ ಹೋಲಿಸಿ, ದುಡ್ಡು ಕೆಳಗಿನ ಲೈನಿಗೆ ಇಳೀತಾ ಇದ್ಯಾ ಅಂತ.

ಮಾವನ ಬ್ಯಾಂಕಲ್ಲಿ ಮಾಡರೇಟ್ ಲೈನು ಒಂದೇ ವರ್ಷಕ್ಕೆ ದುಪ್ಪಟ್ಟಾಗಿದೆ, ಪ್ರೊವಿಷನ್ ಮಾತ್ರ ಸೊನ್ನೆ. ಯಾವ ದೇಶ ಅಂತ ಟೇಬಲಲ್ಲಿ ಬರೆಯಲ್ಲ. ಎಜಿಎಂನಲ್ಲಿ (ಶೇರುದಾರರ ವಾರ್ಷಿಕ ಸಭೆ) ಕೇಳೋಕೆ ಅಂತ ಆ ಪ್ರಶ್ನೆ ಅವ್ರಿಗೆ ಬರ್ದು ಕೊಟ್ಟಿದೀನಿ.